ನೀರಿನಡಿಯ ತೂಕ

ಎದುರು ನಿಂತ ಲಾರಿಯನ್ನು ಮುಟ್ಟದೆ, ಅದರ ಬೆನ್ನ ಮೇಲಿನ ಕಂಟೇನರನ್ನು ಎತ್ತದೆ, ಒಳಗಿರುವ ಸರಕಿನ ತೂಕ ಹೇಳಬಲ್ಲ ಯಂತ್ರವೊಂದು ಬಂದರೆ ಏನಾಗಬಹುದು? ಸೋಮನಕೋಡಿ ಬಂದರಿನಲ್ಲಿ ಮೊದಲು ಆದದ್ದು ಇಷ್ಟೇ. ಸುಳ್ಳು ತೂಕ ಬರೆಸಿಕೊಂಡು ಬರುತ್ತಿದ್ದವರು ಹೆಬ್ಬಾಗಿಲಿನಿಂದಲೇ ಲಾರಿ ತಿರುಗಿಸಿಕೊಂಡು ಹೋಗತೊಡಗಿದರು.

ಯಂತ್ರ ನೋಡಲಿಕ್ಕೆ ಒಂದು ದಪ್ಪ ಕಮಾನಿನ ಹಾಗಿತ್ತು. ಅದರ ಕಂಬಗಳ ಒಳಗೆ ಗಾಳಿಯೆಲ್ಲ ಹೀರಿ ತೆಗೆದ ಕೊಳವೆಗಳು. ಆ ಕೊಳವೆಗಳಲ್ಲಿ ಪರಮಾಣುಗಳ ಒಂದು ಚಿಟಿಕೆ ಮೋಡವನ್ನು ಲೇಸರಿನಿಂದ ಹಿಡಿದು, ಅಲುಗಾಡಲಾರದಷ್ಟು ತಣ್ಣಗೆ ಮಾಡಿ, ಆಮೇಲೆ ಕೈಬಿಡುತ್ತಿದ್ದರು. ಮೋಡ ಬೀಳುತ್ತಿತ್ತು. ಪಕ್ಕದಲ್ಲಿ ಭಾರದ ವಸ್ತು ಬಂದು ನಿಂತರೆ ಬೀಳುವ ಮೋಡ ಅದರ ಸೆಳೆತಕ್ಕೆ ಕೂದಲೆಳೆಗಿಂತ ಎಷ್ಟೋ ಕಡಿಮೆಯಷ್ಟು ಆ ಕಡೆ ವಾಲುತ್ತಿತ್ತು. ಆ ವಾಲಿಕೆಯನ್ನು ಅಳೆದರೆ ತೂಕ ಸಿಗುತ್ತಿತ್ತು. ಹತ್ತಾರು ಕೊಳವೆಗಳ ಲೆಕ್ಕವನ್ನು ಕೂಡಿಸಿದರೆ, ಭಾರ ಪೆಟ್ಟಿಗೆಯ ಯಾವ ಮೂಲೆಯಲ್ಲಿ ಕೂತಿದೆ ಎಂಬುದೂ ಪರದೆಯ ಮೇಲೆ ನೆರಳಿನ ಹಾಗೆ ಮೂಡುತ್ತಿತ್ತು. ಲಾರಿ ಡ್ರೈವರುಗಳು ಯಂತ್ರಕ್ಕೆ ಅಜ್ಜಿ ಎಂದು ಹೆಸರಿಟ್ಟಿದ್ದರು. ಎದುರಿಗೆ ನಿಂತರೆ ಸಾಕು, ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಅವಳಿಗೆ ಗೊತ್ತಾಗುತ್ತದೆ ಎನ್ನುವುದು ಅವರ ಲೆಕ್ಕಾಚಾರ.

ಅಜ್ಜಿಯನ್ನು ಕಟ್ಟಿದವಳು ವಾರಿಜಾ. ಭೌತವಿಜ್ಞಾನ ಓದಿದವಳು, ಕಾಲೇಜಿನಲ್ಲಿ ಪಾಠ ಮಾಡಿಕೊಂಡಿದ್ದವಳು, ಕೆಲಸ ಬಿಟ್ಟು ಬಂದರಿನ ಒಂದು ಹಳೆಯ ಗೋದಾಮಿನಲ್ಲಿ ವರ್ಷಗಟ್ಟಲೆ ಕೊಳವೆಗಳ ಜೊತೆ ಕಳೆದಿದ್ದಳು. ಪತ್ರಿಕೆಯವರು ಬಂದು ಇದರ ಪ್ರೇರಣೆ ಏನು ಮೇಡಂ ಎಂದು ಕೇಳಿದಾಗ ಹಡಗುಗಳ ಸುರಕ್ಷತೆ ಎಂದು ಹೇಳಿ ಕಳಿಸಿದಳು. ಸುಳ್ಳೇನಲ್ಲ. ಆದರೆ ನಿಜವಾದ ಕಾರಣ ಒಬ್ಬ ಮನುಷ್ಯ. ಅವನ ಹೆಸರು ದಿನಮಣಿ.

ದಿನಮಣಿ ಗ್ರಾನೈಟ್ ಕಲ್ಲನ್ನು ಹೊರದೇಶಕ್ಕೆ ಕಳಿಸುವ ವ್ಯಾಪಾರಿ. ಅಜ್ಜಿ ಬರುವ ಮೊದಲು ಕಂಟೇನರಿನ ತೂಕವನ್ನು ಕಳಿಸುವವನೇ ಘೋಷಿಸಬೇಕಾಗಿತ್ತು. ತುಂಬಿದ ಪೆಟ್ಟಿಗೆಯನ್ನು ವೇಬ್ರಿಜ್ ಎನ್ನುವ ತೂಕದ ಸೇತುವೆಯ ಮೇಲೆ ನಿಲ್ಲಿಸಿ ತೂಗಿಸಬಹುದು. ಇಲ್ಲವೆ ಸರಕು, ಅದಕ್ಕೆ ಸುತ್ತಿದ ಮರ ಹಗ್ಗ, ಖಾಲಿ ಪೆಟ್ಟಿಗೆ ಇವುಗಳ ತೂಕವನ್ನು ಬೇರೆಬೇರೆಯಾಗಿ ಕೂಡಿಸಿ ಸಹಿ ಹಾಕಿ ಕೊಡಬಹುದು. ದಿನಮಣಿ ಯಾವಾಗಲೂ ಎರಡನೆಯ ದಾರಿ ಹಿಡಿಯುತ್ತಿದ್ದ. ಕೂಡಿಸುವುದು ಅವನ ಕೈಯಲ್ಲೇ ಇತ್ತು. ಒಂದು ಪೆಟ್ಟಿಗೆಯಲ್ಲಿ ಎರಡರಷ್ಟು ಕಲ್ಲು ತುರುಕಿ ಕಾಗದದಲ್ಲಿ ಅರ್ಧ ಬರೆದರೆ ಕೇಳುವವರು ಇರಲಿಲ್ಲ.

ವಾರಿಜಾಳ ಗಂಡ ಸುಧಾಮ 'ನೀಲಾಂಗಿ' ಎಂಬ ಸರಕು ಹಡಗಿನ ಚೀಫ್ ಆಫೀಸರ್. ಯಾವ ಪೆಟ್ಟಿಗೆ ಕೆಳಗೆ, ಯಾವುದು ಮೇಲೆ ಎಂದು ನಿರ್ಧರಿಸುವುದು ಅವನ ಕೆಲಸ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಕಾಗದದಲ್ಲಿ ಹಗುರ ಎಂದು ಇದ್ದದ್ದರಿಂದ ದಿನಮಣಿಯ ಪೆಟ್ಟಿಗೆಗಳು ಡೆಕ್ಕಿನ ಅಟ್ಟಿಗಳ ತುದಿಗೆ ಹೋದವು. ಮಳೆಗಾಲದ ಮೊದಲ ಅಬ್ಬರಕ್ಕೆ ಹಡಗು ಹೊಯ್ದಾಡತೊಡಗಿದಾಗ ತುದಿಯ ಭಾರಕ್ಕೆ ಕೆಳಗಿನ ಪೆಟ್ಟಿಗೆಗಳ ಮೂಲೆಗಳು ಕುಸಿದವು, ಕಬ್ಬಿಣದ ಕಟ್ಟುಗಳು ಕಿರುಗುಟ್ಟತೊಡಗಿದವು. ನೋಡಿ ಬರಲು ಸುಧಾಮ ಇಬ್ಬರು ಖಲಾಸಿಗಳ ಜೊತೆ ಡೆಕ್ಕಿಗೆ ಇಳಿದ. ಆಗಲೇ ಅಟ್ಟಿ ಮಗುಚಿತು. ಮೂವರೂ ಅದರಡಿ ಸಿಕ್ಕಿ ಸತ್ತರು. ಹಡಗು ಉಳಿಯಿತು. ಮಗುಚಿದ ಪೆಟ್ಟಿಗೆಗಳೆಲ್ಲ ಕಡಲು ಸೇರಿದವು.

ಕಡಲ ನ್ಯಾಯಮಂಡಳಿಯಲ್ಲಿ ವಿಚಾರಣೆ ನಡೆಯಿತು. ದಿನಮಣಿ ಒಂದು ದಿನವೂ ಬರಲಿಲ್ಲ, ವಕೀಲರನ್ನು ಕಳಿಸಿದ. ಘೋಷಿಸಿದ ತೂಕಕ್ಕೆ ಸಹಿ ಇದೆ, ಮುದ್ರೆ ಇದೆ, ಸುಳ್ಳೆನ್ನುವುದಾದರೆ ಪೆಟ್ಟಿಗೆ ತಂದು ತೂಗಿ ತೋರಿಸಿ ಎಂದು ವಕೀಲರು ಹೇಳಿದರು. ಅಷ್ಟು ಆಳದಿಂದ ಕಲ್ಲಿನ ಪೆಟ್ಟಿಗೆಗಳನ್ನು ಎತ್ತಿಸುವ ಖರ್ಚಿಗೆ ಯಾರೂ ಸಿದ್ಧರಿರಲಿಲ್ಲ. ಕೊನೆಗೆ ಮಂಡಳಿ ಅಟ್ಟಿ ಜೋಡಿಸಿದ್ದರಲ್ಲಿ ಚೀಫ್ ಆಫೀಸರನ ಅಜಾಗರೂಕತೆ ಇತ್ತೆಂದು ಬರೆದು ಕಡತ ಮುಚ್ಚಿತು. ಸತ್ತವನು ಬಂದು ಅಲ್ಲವೆಂದು ಹೇಳುವ ಹಾಗಿರಲಿಲ್ಲ.

ಆ ತೀರ್ಪು ಕಾಗದದಲ್ಲಿ ಉಳಿಯದೆ ಮನೆಯೊಳಗೆ ಬಂದು ಕೂತಿತು. ಸತ್ತ ಖಲಾಸಿಗಳಲ್ಲಿ ಒಬ್ಬನಾದ ಶೀನ ಇದೇ ಕಡಲ ಕೇರಿಯವನು. ಅವನ ಹೆಂಡತಿ ಗುಲಾಬಿ ಮೀನು ಮಾರುಕಟ್ಟೆಯಲ್ಲಿ ಸುಧಾಮನ ತಾಯಿ ಅಪ್ಪಿಯಕ್ಕನ ಎದುರು ನಿಂತು, ನಿಮ್ಮ ಮಗ ನನ್ನ ಗಂಡನನ್ನು ಕೊಂದ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಅಪ್ಪಿಯಕ್ಕ ಬುಟ್ಟಿ ಎತ್ತಿಕೊಂಡು ಮನೆಗೆ ಬಂದರು. ಅವತ್ತಿನಿಂದ ಅವರು ಮಾರುಕಟ್ಟೆಯ ಕಡೆ ಹೋಗಲಿಲ್ಲ, ಕೇರಿಯ ಮದುವೆ ಮುಂಜಿಗೂ ಹೋಗಲಿಲ್ಲ. ಹಬ್ಬದ ದಿನ ಕೂಡ ಅಂಗಳದ ಗೇಟಿಗೆ ಒಳಗಿಂದ ಚಿಲಕ ಇರುತ್ತಿತ್ತು.

ವಾರಿಜಾ ಅತ್ತೆಯನ್ನು ಆ ಕಡೆಯ ರೂಢಿಯಂತೆ ಮಾಮಿ ಎಂದು ಕರೆಯುತ್ತಿದ್ದಳು. ಸುಧಾಮ ಹೋದ ಮೇಲೆ ತವರಿಗೆ ಬಾ ಎಂದು ಅಣ್ಣಂದಿರು ಕರೆದರೂ ಹೋಗದೆ ಮಾಮಿಯ ಜೊತೆಯೇ ಉಳಿದಳು. ಇಬ್ಬರೂ ಜೋರಾಗಿ ಅಳಲಿಲ್ಲ. ಅಳುವ ಬದಲು ವಾರಿಜಾ ಒಂದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಯೋಚಿಸುತ್ತಿದ್ದಳು. ಪೆಟ್ಟಿಗೆಯನ್ನು ತಂದು ತೂಗಿ ತೋರಿಸಿ ಎಂದು ಅವರು ಹೇಳಿದ್ದಾರೆ. ತರದೆಯೇ ತೂಗಿದರೆ? ಅದು ಬಿದ್ದಲ್ಲಿಯೇ, ಕಡಲ ತಳದಲ್ಲಿಯೇ?

ಅದೇ ಪ್ರಶ್ನೆಯಿಂದ ಅಜ್ಜಿ ಹುಟ್ಟಿದ್ದು. ಹೆಬ್ಬಾಗಿಲಿನ ಕಮಾನು ಬಂದರಿಗೆ ಬೇಕಾದದ್ದು. ಅವಳಿಗೆ ಬೇಕಾದದ್ದು ಗೋದಾಮಿನ ಹಿಂದಿನ ಕೋಣೆಯಲ್ಲಿತ್ತು. ಹಂಡೆಯಷ್ಟು ದೊಡ್ಡ ಟೈಟಾನಿಯಂ ಗೋಳ, ಅದರೊಳಗೆ ಅದೇ ಕೊಳವೆಗಳು, ನೀರಿಗೆ ಇಳಿಬಿಡಲು ಉದ್ದದ ಕೇಬಲ್. ಬಂದರಿನ ಕಾಲುವೆಯಲ್ಲಿ ಹೂಳು ಎಷ್ಟು ಕೂತಿದೆ ಎಂದು ಅಳೆಯಲಿಕ್ಕೆ ಎಂದು ಹೇಳಿ ಅನುಮತಿ ಪಡೆದಿದ್ದಳು. ಹೂಳನ್ನೂ ಅಳೆಯುತ್ತಿದ್ದಳು.

ಆದರೆ ಕಡಲ ತಳದ ಅಂಕಿಯನ್ನು ಹಿಡಿದುಕೊಂಡು ಮಂಡಳಿಯ ಮುಂದೆ ಹೋದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅದೇ ವಕೀಲರು ಎದ್ದು ನಿಂತು, ಇದು ಸತ್ತವನ ಹೆಂಡತಿ ಕಟ್ಟಿದ ಯಂತ್ರ, ನೀರಿನಲ್ಲಿ ತಪ್ಪುತ್ತದೆ, ಕೆಸರಿನಲ್ಲಿ ತಪ್ಪುತ್ತದೆ ಎಂದು ಹೇಳುತ್ತಾರೆ. ಮಂಡಳಿ ತಲೆಯಾಡಿಸುತ್ತದೆ. ಯಂತ್ರ ತಪ್ಪುವುದಿಲ್ಲ ಎಂದು ಬೇರೆ ಯಾರಾದರೂ ಹೇಳಬೇಕು. ಎಲ್ಲರಿಗಿಂತ ಒಳ್ಳೆಯದು, ದಿನಮಣಿಯೇ ಹೇಳಬೇಕು. ಅದು ಹೇಗೆ ಸಾಧ್ಯ ಎಂದು ಗೊತ್ತಿಲ್ಲದೆಯೂ ಅವಳು ಕಾದಳು.

ದಿನಮಣಿ ಅಜ್ಜಿಗೆ ಬೇಗ ಹೊಂದಿಕೊಂಡ. ಹೆಬ್ಬಾಗಿಲಲ್ಲಿ ಒಂದೆರಡು ಸಲ ಲಾರಿ ವಾಪಸಾದ ಮೇಲೆ ಅವನ ಪೆಟ್ಟಿಗೆಗಳು ಘೋಷಿಸಿದ ತೂಕಕ್ಕೆ ಸರಿಯಾಗಿ ಬರತೊಡಗಿದವು. ರಫ್ತುದಾರರ ಸಂಘದ ಸಭೆಯಲ್ಲಿ ಭಾಷಣ ಮಾಡಿ ಪ್ರಾಮಾಣಿಕ ವ್ಯಾಪಾರಿಗೆ ಈ ಯಂತ್ರ ವರದಾನ ಎಂದ. ವಾರಿಜಾಳಿಗೆ ಶಾಲು ಹೊದಿಸಿದವನೂ ಅವನೇ. ಶಾಲು ಹೊದಿಸುವಾಗ ಮೇಡಂ ಯಾವ ಊರಿನವರು ಎಂದು ಕೇಳಿದ. ನೀಲಾಂಗಿಯಲ್ಲಿ ಸತ್ತವರು ಯಾರು, ಅವರ ಮನೆಯವರು ಯಾರು ಎಂದು ಅವನು ಆ ವರ್ಷಗಳಲ್ಲಿ ಒಮ್ಮೆಯೂ ವಿಚಾರಿಸಿರಲಿಲ್ಲ. ಹಾಗಾಗಿ ಅವಳನ್ನು ಗುರುತಿಸುವ ಪ್ರಶ್ನೆಯೇ ಬರಲಿಲ್ಲ. ಆ ಶಾಲನ್ನು ಅವಳು ಗೋದಾಮಿನಲ್ಲಿ ಎಣ್ಣೆ ಒರೆಸಲಿಕ್ಕೆ ಹಾಕಿದಳು.

ಅವಕಾಶ ಒಂದು ಮಧ್ಯಾಹ್ನ ತಾನಾಗಿ ಬಂತು. ಧಕ್ಕೆಯ ಕಟ್ಟೆಯಿಂದ ಹಡಗಿಗೆ ಸರಕು ಸಾಗಿಸುತ್ತಿದ್ದ ಬಾರ್ಜ್ ಎಂಬ ಚಪ್ಪಟೆ ದೋಣಿಯೊಂದು ಓರೆಯಾಗಿ ದಿನಮಣಿಯ ನಾಲ್ಕು ಪೆಟ್ಟಿಗೆಗಳು ಬಂದರಿನ ಕೊಳದೊಳಗೇ ಬಿದ್ದು ಕೆಸರಿನಲ್ಲಿ ಹೂತುಹೋದವು. ಕಲ್ಲೆಲ್ಲ ಚೂರಾಗಿರಬೇಕೆಂದು ಅವನು ವಿಮೆಯ ಹಣ ಕೇಳಿದ. ವಿಮೆಯವರು ಬಂದು ನೋಡಿ, ಈ ಮನುಷ್ಯನ ಹಳೆಯ ಹೆಸರು ಚೆನ್ನಾಗಿಲ್ಲ, ಪೆಟ್ಟಿಗೆಗಳು ಅರ್ಧ ಖಾಲಿ ಇದ್ದವೆಂದು ನಮಗೆ ಅನುಮಾನ, ಹೆಬ್ಬಾಗಿಲು ದಾಟಿದ ಮೇಲೆ ಬಂದರಿನ ಅಂಗಳದಲ್ಲಿ ಕಲ್ಲು ಇಳಿಸಿರಬಹುದು ಎಂದು ತಕರಾರು ತೆಗೆದರು. ವಿಷಯ ಕಡಲ ನ್ಯಾಯಮಂಡಳಿಗೆ ಹೋಯಿತು. ಕೊಳದ ಕೆಸರಿನಿಂದ ಪೆಟ್ಟಿಗೆ ಎತ್ತುವಾಗ ಅದು ಒಡೆದು ಕಲ್ಲು ಚೆಲ್ಲಿಹೋದರೆ ತನ್ನ ಮಾತಿಗೆ ಸಾಕ್ಷಿ ಇರುವುದಿಲ್ಲ ಎಂದು ದಿನಮಣಿಗೆ ಹೆದರಿಕೆ.

ಅವನು ಅಜ್ಜಿಯ ನಿಯಂತ್ರಣ ಕೊಠಡಿಗೆ ತಾನೇ ಬಂದ. ಬಿಳಿ ಅಂಗಿ, ಬೆವರಿದ ಹಣೆ. ನಿಮ್ಮ ಹತ್ತಿರ ನೀರಿನೊಳಗೆ ತೂಗುವ ಯಂತ್ರ ಇದೆಯಂತಲ್ಲ ಮೇಡಂ, ಪೆಟ್ಟಿಗೆ ಇದ್ದಲ್ಲೇ ತೂಗಿಸಿ ಕೊಡಿ, ನನ್ನ ಮರ್ಯಾದೆ ಉಳಿಸಿ ಎಂದು ಕೈ ಮುಗಿದ. ವಾರಿಜಾ ಪರದೆಯಿಂದ ಕಣ್ಣು ತೆಗೆಯದೆ, ನೋಡೋಣ ಸರ್ ಎಂದಳು. ಅವಳ ಕೈಕೆಳಗೆ ಕೆಲಸ ಮಾಡುತ್ತಿದ್ದ ಫೆಲ್ಸಿ ಡಿಮೆಲ್ಲೊ ಎಂಬ ಎಂಜಿನಿಯರಿಗೆ ಮಾತ್ರ ಆ ಮನುಷ್ಯ ವಾರಿಜಾಳಿಗೆ ಏನಾಗಬೇಕೆಂದು ಗೊತ್ತಿತ್ತು. ಅವನು ಹೋದ ಮೇಲೆ ಫೆಲ್ಸಿ ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಕೂತಳು. ಪೆಟ್ಟಿಗೆ ಖಾಲಿ ಇತ್ತು ಅಂತ ಒಂದು ಅಂಕಿ ಬರೆದರೆ ಆ ಮನುಷ್ಯ ಬೀದಿಗೆ ಬೀಳುತ್ತಾನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಮೆಲ್ಲಗೆ ಹೇಳಿದಳು.

ವಾರಿಜಾ ಅದನ್ನು ಯೋಚಿಸದೆ ಇರಲಿಲ್ಲ. ಗೋಳವನ್ನು ಕೊಳಕ್ಕೆ ಇಳಿಸುವ ಹೊತ್ತಿನಲ್ಲೂ ಆ ಆಸೆ ಬಾಯಲ್ಲಿ ನೀರೂರಿದ ಹಾಗೆ ಊರುತ್ತಿತ್ತು. ಒಂದು ಅಂಕಿ ಸಾಕು. ಆದರೆ ಅದು ಸಣ್ಣ ಸೇಡು. ಸುಳ್ಳು ತೂಕಕ್ಕೆ ಸುಳ್ಳು ತೂಕ ಕೊಟ್ಟರೆ ಅವನು ಮುಳುಗುತ್ತಾನೆ, ಸುಧಾಮನ ಹೆಸರು ಮೇಲೆ ಬರುವುದಿಲ್ಲ. ಅವಳಿಗೆ ಎರಡೂ ಬೇಕಾಗಿತ್ತು. ಗೋಳ ಹೇಳಿದ್ದನ್ನು ಹೇಳಿದ ಹಾಗೇ ಬರೆದಳು. ಪೆಟ್ಟಿಗೆಗಳು ತುಂಬಿದ್ದವು. ದಿನಮಣಿ ಆ ಸಲ ನಿಜ ಹೇಳಿದ್ದ.

ನ್ಯಾಯಮಂಡಳಿಯಲ್ಲಿ ವಿಮೆಯವರ ವಕೀಲೆ ವಾರಿಜಾಳನ್ನು ಚೆನ್ನಾಗಿ ಜಾಲಾಡಿದಳು. ಪೆಟ್ಟಿಗೆಯೊಳಗೆ ಕೆಸರು ನುಗ್ಗಿದ್ದರೆ, ನಿಮ್ಮ ಯಂತ್ರ ಕೆಸರನ್ನೇ ಕಲ್ಲೆಂದು ತಿಳಿದಿದ್ದರೆ? ಕೆಸರು ನುಗ್ಗಿದರೆ ಪೆಟ್ಟಿಗೆಯ ತುಂಬ ಸಮನಾಗಿ ಹರಡಿಕೊಳ್ಳುತ್ತದೆ, ಕಲ್ಲು ತಳ ಹಿಡಿದು ಗಟ್ಟಿಯಾಗಿ ಕೂರುತ್ತದೆ, ಎರಡರ ಸೆಳೆತದ ಆಕಾರ ಬೇರೆ ಎಂದು ವಾರಿಜಾ ವಿವರಿಸಿದಳು. ತಪ್ಪೇ ಆಗುವುದಿಲ್ಲವೇ ಎಂದು ವಕೀಲೆ ಕೇಳಿದಾಗ, ನೂರಕ್ಕೆ ಒಂದರಷ್ಟು ಹೆಚ್ಚುಕಡಿಮೆ ಆಗಬಹುದು ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡಳು. ಹೊಸ ಯಂತ್ರದ ಸಾಕ್ಷ್ಯವನ್ನು ನಂಬಿಕೊಂಡು ಬಂದವನು ಅದರ ಫಲವನ್ನು ತನಗೆ ಅನುಕೂಲವಾದರೂ ಪ್ರತಿಕೂಲವಾದರೂ ಒಪ್ಪುತ್ತೇನೆ ಎಂದು ಪ್ರಮಾಣ ಮಾಡಬೇಕೆನ್ನುವುದು ಮಂಡಳಿಯ ನಿಯಮ. ದಿನಮಣಿ ಕಟಕಟೆಗೆ ಬಂದು ಬಲಗೈ ಎತ್ತಿದ.

"ನೂರಕ್ಕೆ ಒಂದೂ ತಪ್ಪುವುದಿಲ್ಲ ಸ್ವಾಮಿ," ಅಂದ. "ನೀರಿರಲಿ, ಕೆಸರಿರಲಿ, ಕಡಲ ತಳವೇ ಇರಲಿ. ಈ ಯಂತ್ರ ಹೇಳಿದ್ದು ನನಗೆ ದೇವರ ಮಾತು."

ವಾರಿಜಾ ಎದುರಿನ ಬೆಂಚಿನಲ್ಲಿ ಕೂತು ಕೇಳಿದಳು. ಮಂಡಳಿಯ ಗುಮಾಸ್ತ ಅದನ್ನು ಪೂರ್ತಿ ಬರೆದುಕೊಳ್ಳುವವರೆಗೆ ಅವನ ಪೆನ್ನನ್ನೇ ನೋಡಿದಳು. ಆಮೇಲೆ ಪೆಟ್ಟಿಗೆಗಳನ್ನು ಎತ್ತಿಸಿ ಹಳೆಯ ತೂಕದ ಸೇತುವೆಯ ಮೇಲೆ ಇಟ್ಟು ನೋಡಿದಾಗ ಅಂಕಿ ಗೋಳ ಹೇಳಿದ್ದಕ್ಕೆ ತಾಳೆಯಾಯಿತು. ಮಂಡಳಿ ತನ್ನ ತೀರ್ಪಿನಲ್ಲಿ ನೀರಿನಡಿಯ ತೂಕವನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದು ಎಂದು ಬರೆಯಿತು.

ಗೆದ್ದ ಖುಷಿಯಲ್ಲಿ ದಿನಮಣಿ ಮಿಠಾಯಿ ಡಬ್ಬ ಹಿಡಿದು ವಾರಿಜಾಳ ಮನೆಗೇ ಬಂದುಬಿಟ್ಟ. ವಾರಿಜಾ ಒಳಗೆ ಬನ್ನಿ ಎಂದಳು. ಸಜ್ಜೆಯ ಮೇಲೆ ಸುಧಾಮನ ಫೋಟೋ ಇತ್ತು, ಬಿಳಿ ಸಮವಸ್ತ್ರದ್ದು, ಮಾಲೆ ಹಾಕಿದ್ದು. ಯಜಮಾನರಾ ಎಂದು ಕೇಳಿದ. ಹಡಗಿನಲ್ಲಿದ್ದರು, ತೀರಿಕೊಂಡರು ಎಂದು ವಾರಿಜಾ ಹೇಳಿದಳು. ಯಾವ ಹಡಗು ಎಂದು ಅವನು ಕೇಳುತ್ತಾನೋ ಎಂದು ಕಾದಳು. ಅವನು ಪಾಪ ಅಂದ. ಚಹಾ ಕುಡಿದ. ನೀವು ನನ್ನ ಮಗಳ ಹಾಗೆ, ಏನು ಬೇಕಾದರೂ ಕೇಳಿ ಎಂದು ಹೇಳಿ ಹೋದ.

ಅಪ್ಪಿಯಕ್ಕ ಅಡುಗೆಮನೆಯ ಬಾಗಿಲಿನ ಹಿಂದೆ ನಿಂತಿದ್ದರು. ಟೀವಿಯಲ್ಲಿ ಆ ಮುಖವನ್ನು ಅವರು ನೋಡಿದ್ದರು. ಕಾರು ಹೋದ ಸದ್ದು ಕೇಳಿದ ಮೇಲೆ ಹೊರಗೆ ಬಂದು, ಅವನು ಕುಡಿದ ಲೋಟವನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ಕಲ್ಲಿಗೆ ಒಡೆದರು. ಮಿಠಾಯಿ ಡಬ್ಬ ಬೇಲಿಯಾಚೆ ಹೋಯಿತು.

"ನನ್ನ ಮಗನನ್ನು ತಿಂದವನಿಗೆ ನೀನು ಚಾ ಮಾಡಿ ಕೊಟ್ಟೆ ಅಲ್ವಾ?" ಅಂದರು.

ಸೊಸೆ ಲೋಟದ ಚೂರುಗಳನ್ನು ಹೆಕ್ಕತೊಡಗಿದಳು. ನಿಜವಾದ ಕಾರಣ ಹೇಳಿದರೆ ಮಾಮಿಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಗುಲಾಬಿಯ ಮುಂದೆ, ಕೇರಿಯ ಮುಂದೆ ಬಂದೇ ಬರುತ್ತದೆ, ಅಲ್ಲಿಂದ ದಿನಮಣಿಯ ಕಿವಿಗೆ ಹೋಗುತ್ತದೆ. ಅವತ್ತಿನಿಂದ ಅಪ್ಪಿಯಕ್ಕ ಬೇರೆ ಒಲೆ ಹೂಡಿದರು. ಒಂದೇ ಮನೆಯಲ್ಲಿ ಎರಡು ಅನ್ನ ಬೇಯುತ್ತಿತ್ತು. ಸೊಸೆ ಬಂದರೆ ಅತ್ತೆ ಎದ್ದು ಒಳಗೆ ಹೋಗುತ್ತಿದ್ದರು. ಒಂದು ಮಧ್ಯಾಹ್ನ ವಾರಿಜಾ ಊಟಕ್ಕೆಂದು ಬೇಗ ಬಂದಾಗ ಅವರು ಮಗನ ಫೋಟೋವನ್ನು ಸಜ್ಜೆಯಿಂದ ಇಳಿಸಿ ತಮ್ಮ ಕೋಣೆಗೆ ತೆಗೆದುಕೊಂಡು ಹೋಗುತ್ತಿದ್ದರು. ಅವಳನ್ನು ನೋಡಿಯೂ ನಿಲ್ಲಲಿಲ್ಲ. ಆ ದಿನ ವಾರಿಜಾ ಉಣ್ಣದೆ ಬಂದರಿಗೆ ವಾಪಸು ನಡೆದಳು. ದಿನಮಣಿಯ ಲೆಕ್ಕಕ್ಕೆ ಇದನ್ನೂ ಸೇರಿಸಿಕೊಂಡಳು.

ಮಳೆಗಾಲ ಕಳೆದು ಕಡಲು ತಿಳಿಯಾದಾಗ ಅವಳು ಗೋಳವನ್ನು ತೆರೆದ ಸಮುದ್ರದಲ್ಲಿ ಪರೀಕ್ಷಿಸಲು ಬಂದರಿನ ಸರ್ವೆ ದೋಣಿ ಕೇಳಿ ಪಡೆದಳು. ಪರೀಕ್ಷೆಯ ಜಾಗವಾಗಿ ನೀಲಾಂಗಿಯ ಪೆಟ್ಟಿಗೆಗಳು ಬಿದ್ದ ಜಾಗವನ್ನೇ ಬರೆದಳು. ಅರ್ಜಿಯಲ್ಲಿ ಏನನ್ನೂ ಮುಚ್ಚಿಡಲಿಲ್ಲ. ಬಂದರಿನ ಅಧಿಕಾರಿ ಅದನ್ನು ಓದಿ, ಸ್ವಲ್ಪ ಹೊತ್ತು ಅವಳ ಮುಖ ನೋಡಿ, ಸಹಿ ಹಾಕಿದರು. ಮಂಡಳಿ ಸೂಚಿಸಿದ ಸಾಕ್ಷಿಯೊಬ್ಬರು, ಫೆಲ್ಸಿ, ದೋಣಿಯವರು, ಅವಳು. ಬೆಳಿಗ್ಗೆ ಹೊರಟರು.

ಗೋಳದ ಜೊತೆ ಒಂದು ಕ್ಯಾಮೆರಾ ಇಳಿಯಿತು. ಪರದೆಯ ಮೇಲೆ ಮೊದಲು ಹಸಿರು, ಆಮೇಲೆ ಬೂದಿ, ಆಮೇಲೆ ಕತ್ತಲು. ದೀಪ ಹಾಕಿದಾಗ ಕಡಲ ತಳ ಕಾಣಿಸಿತು. ಅರ್ಧ ಹೂತ ಪೆಟ್ಟಿಗೆಗಳು ಒಂದರ ಮೇಲೊಂದು ಓರೆಯಾಗಿ ಬಿದ್ದಿದ್ದವು, ಮೈತುಂಬ ಚಿಪ್ಪು ಹುಳುಗಳು ಅಂಟಿದ್ದವು. ಗೋಳಕ್ಕೆ ಹೊಂದಿಸಿದ್ದ ಬ್ರಷ್ಷಿನಿಂದ ಫೆಲ್ಸಿ ಒಂದರ ಬದಿ ಉಜ್ಜಿದಳು. ಪಾಚಿ ಎದ್ದು ಹೋಗಿ ಪೆಟ್ಟಿಗೆಯ ಸಂಖ್ಯೆ ಕಾಣಿಸಿತು. ಅದು ದಿನಮಣಿಯದು. ಗೋಳವನ್ನು ಅದರ ಮೇಲೆ, ಮುಟ್ಟದ ಹಾಗೆ, ನಿಲ್ಲಿಸಿದರು. ಗೋಳದೊಳಗೆ ಪರಮಾಣುಗಳ ಮೋಡ ಬೀಳುತ್ತಿತ್ತು, ಮತ್ತೆ ಹುಟ್ಟುತ್ತಿತ್ತು, ಮತ್ತೆ ಬೀಳುತ್ತಿತ್ತು.

ಅಂಕಿ ಬಂತು. ಘೋಷಿಸಿದ್ದು ಹದಿನಾರು ಟನ್. ಇದ್ದದ್ದು ಮೂವತ್ತೊಂದು. ನೆರಳಿನ ಚಿತ್ರದಲ್ಲಿ ಕಲ್ಲಿನ ಚಪ್ಪಡಿಗಳು ತಳ ಹಿಡಿದು ಕೂತಿದ್ದವು. ಮೇಲೆ ತೆಳ್ಳಗೆ ಕೆಸರು ಬೇರೆಯಾಗಿ ಕಾಣುತ್ತಿತ್ತು.

ಫೆಲ್ಸಿ ಅವಳ ಭುಜ ಹಿಡಿದಳು. ವಾರಿಜಾಳಿಗೆ ಅಳು ಬರಬಹುದು ಎಂದುಕೊಂಡಿದ್ದಳೇನೋ. ಆದರೆ ವಾರಿಜಾಳಿಗೆ ಹಸಿವಾಯಿತು. ಎಷ್ಟೋ ಕಾಲದಿಂದ ಗೊತ್ತಿಲ್ಲದಂಥ ಹಸಿವು. ಬುತ್ತಿ ಬಿಚ್ಚಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ತನ್ನದನ್ನೂ ಉಂಡು ಫೆಲ್ಸಿಯದರಲ್ಲೂ ಅರ್ಧ ಉಂಡಳು. ಕೈ ತೊಳೆದುಕೊಂಡು, ಮುಂದಿನ ಪೆಟ್ಟಿಗೆ ಎಂದಳು. ಅಲ್ಲಿ ಬಿದ್ದಿದ್ದ ದಿನಮಣಿಯ ಪೆಟ್ಟಿಗೆಗಳನ್ನೆಲ್ಲ ತೂಗಿ ಮುಗಿಯುವವರೆಗೆ ದಿನವೂ ಅದೇ ಜಾಗಕ್ಕೆ ಹೋದರು.

ಕೊನೆಯ ದಿನ ಮನೆಗೆ ಬಂದವಳೇ ಮಾಮಿಯ ಕೋಣೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಚಹಾ ಯಾಕೆ ಕೊಟ್ಟೆ, ಅವನು ಏನೆಂದು ಪ್ರಮಾಣ ಮಾಡಿದ, ಕಡಲ ತಳದಲ್ಲಿ ಏನು ಕಂಡೆ. ಅಪ್ಪಿಯಕ್ಕ ಮಂಚದ ಮೇಲೆ ಕೂತು ಕೇಳಿದರು. ನನಗೆ ಹೇಳಬಹುದಿತ್ತು ಮಾರಾಯ್ತಿ ಎಂದು ಕೊನೆಗೆ ಅಂದರು. ಹೇಳಿದ್ದರೆ ನೀವು ಅವತ್ತೇ ಅವನ ಮುಖಕ್ಕೆ ಬಿಸಿ ಚಾ ಎರಚುತ್ತಿದ್ದಿರಿ ಎಂದಳು ಸೊಸೆ. ಹೌದು, ಎರಚುತ್ತಿದ್ದೆ ಎಂದು ಅಪ್ಪಿಯಕ್ಕ ಒಪ್ಪಿಕೊಂಡರು. ಎದ್ದು ಹೋಗಿ ತಮ್ಮ ಒಲೆಯ ಅನ್ನವನ್ನು ಸೊಸೆಯ ತಟ್ಟೆಗೆ ಬಡಿಸಿದರು.

ನೀಲಾಂಗಿಯ ಹಳೆಯ ತೀರ್ಪನ್ನು ಮತ್ತೆ ವಿಚಾರಿಸಬೇಕೆಂಬ ವಾರಿಜಾಳ ಅರ್ಜಿ ಮಂಡಳಿಗೆ ಹೋದ ವಾರದಲ್ಲೇ ದಿನಮಣಿ ನಿಯಂತ್ರಣ ಕೊಠಡಿಗೆ ಓಡಿ ಬಂದ. ಫೆಲ್ಸಿ ಹೊರಗೆ ಹೋಗಲು ಎದ್ದಾಗ ವಾರಿಜಾ ಕೂರಲು ಸನ್ನೆ ಮಾಡಿದಳು. ಅವನ ಮುಖ ಇಳಿದಿತ್ತು. ಯಾಕೆ ಹೀಗೆ ಮಾಡಿದಿರಿ, ನಾನು ನಿಮಗೆ ಏನು ಕೇಡು ಮಾಡಿದೆ ಎಂದು ಕೇಳಿದ.

"ನಾನು ಸುಧಾಮನ ಹೆಂಡತಿ," ಅಂದಳು ವಾರಿಜಾ.

"ಯಾವ ಸುಧಾಮ?"

ಅವನು ನಾಟಕ ಮಾಡುತ್ತಿರಲಿಲ್ಲ. ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಹೆಸರನ್ನು ಮರೆತಿದ್ದರೂ ಅವಳು ಸಹಿಸುತ್ತಿದ್ದಳೇನೋ. ಅವನು ಅದನ್ನು ಕೇಳಿಯೇ ಇರಲಿಲ್ಲ. ಅವಳಲ್ಲಿ ಎಲ್ಲಾದರೂ ಒಂದು ಮೂಲೆ ಮೆತ್ತಗಾಗುವುದಿದ್ದರೆ ಅದೂ ಆ ಕ್ಷಣಕ್ಕೆ ಕಲ್ಲಾಯಿತು. ನೀಲಾಂಗಿಯ ಚೀಫ್ ಆಫೀಸರ್ ಎಂದು ಫೆಲ್ಸಿಯೇ ಹೇಳಬೇಕಾಯಿತು. ದಿನಮಣಿ ಕುರ್ಚಿಯ ಬೆನ್ನು ಹಿಡಿದುಕೊಂಡ. ಆ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು, ಅಟ್ಟಿ ಮಗುಚುತ್ತದೆಂದು ಯಾರಿಗೆ ಗೊತ್ತಿತ್ತು, ನನಗೆ ವಯಸ್ಸಾಯಿತು ಎಂದು ಬಡಬಡಿಸಿದ. ಕೊನೆಗೆ ಬಂದ ಕೆಲಸ ಹೇಳಿದ. ಕಟ್ಟಿದವಳು ನೀವೇ, ಆಳದ ನೀರಿನಲ್ಲಿ ಯಂತ್ರ ತಪ್ಪಬಹುದು ಅಂತ ಒಂದೇ ಒಂದು ಮಾತು ಹೇಳಿಬಿಡಿ ತಾಯಿ, ಅಷ್ಟು ಸಾಕು.

"ತಪ್ಪಬಹುದು ಅಂತ ನಾನು ಹೇಳಿದ್ದೆ ಸರ್. ನೂರಕ್ಕೆ ಒಂದರಷ್ಟು. ಈ ಸಲವೂ ಅದನ್ನೇ ಹೇಳುತ್ತೇನೆ. ಒಂದೂ ತಪ್ಪುವುದಿಲ್ಲ, ದೇವರ ಮಾತು ಅಂತ ಕೈ ಎತ್ತಿದವರು ನೀವು."

ಅವನು ಇನ್ನೂ ನಿಂತಿದ್ದ. ಹೆಬ್ಬಾಗಿಲಿಗೆ ಲಾರಿಯೊಂದು ಬಂದು ಹಾರ್ನ್ ಹೊಡೆಯಿತು. ವಾರಿಜಾ ಪರದೆಯ ಕಡೆ ತಿರುಗಿ ಕೆಲಸ ಮುಂದುವರಿಸಿದಳು. ಅವನು ಯಾವಾಗ ಹೊರಟುಹೋದನೆಂದು ನೋಡಲೂ ಇಲ್ಲ.

ಮಂಡಳಿಯ ಮುಂದೆ ಹೇಳಿಕೊಳ್ಳುವಂಥ ವಾದ ಉಳಿದಿರಲಿಲ್ಲ. ದಿನಮಣಿಯ ವಕೀಲರು ಕೆಸರಿನ ಮಾತೆತ್ತಿದಾಗಲೆಲ್ಲ ನ್ಯಾಯಾಧೀಶರು ಅವನದೇ ಪ್ರಮಾಣವನ್ನು ಅವರಿಗೆ ಓದಿ ಹೇಳಿದರು. ಹಳೆಯ ತೀರ್ಪನ್ನು ತೆಗೆದುಹಾಕಲಾಯಿತು. ಸಾವುಗಳಿಗೆ ಕಾರಣ ಸುಳ್ಳು ತೂಕದ ಘೋಷಣೆ, ಚೀಫ್ ಆಫೀಸರನದು ಯಾವ ತಪ್ಪೂ ಇರಲಿಲ್ಲ ಎಂದು ಹೊಸ ತೀರ್ಪು ಬಂತು. ದಿನಮಣಿಗೆ ಸೆರೆವಾಸವಾಯಿತು. ಜೊತೆಗೆ, ಅಜ್ಜಿ ಬಂದ ಮೇಲೆ ಮಾಡಿದ, ಹಳೆಯ ಪ್ರಕರಣಗಳಿಗೂ ಅನ್ವಯಿಸುವ ಹೊಸ ಕಾನೂನಿನ ಪ್ರಕಾರ ಸುಳ್ಳು ಘೋಷಣೆ ಮಾಡಿದವನು ಸೆರೆಗೆ ಹೋಗುವ ಮೊದಲು ನಷ್ಟಕ್ಕೊಳಗಾದವರ ಎದುರು, ಅವರು ಬಯಸಿದ ಜಾಗದಲ್ಲಿ, ತನ್ನ ಬಾಯಿಂದಲೇ ಸರಿಯಾದ ಘೋಷಣೆ ಮಾಡಬೇಕಿತ್ತು. ಸಾಮಾನ್ಯವಾಗಿ ಜನ ಅದನ್ನು ಕೇಳುತ್ತಿರಲಿಲ್ಲ, ಬಿಟ್ಟುಬಿಡುತ್ತಿದ್ದರು. ಬೇಕೇ ಎಂದು ನ್ಯಾಯಾಧೀಶರು ಕೇಳಿದಾಗ ವಾರಿಜಾ ಬೇಕು ಎಂದಳು. ಎಲ್ಲಿ ಎಂದು ಕೇಳಿದರು. ಮೀನು ಮಾರುಕಟ್ಟೆಯಲ್ಲಿ ಎಂದಳು.

ದೋಣಿಗಳು ಬಂದು ಮಾರಾಟ ಜೋರಾಗುವ ಹೊತ್ತಿಗೇ ಅವನನ್ನು ಕರೆತಂದರು. ಇಬ್ಬರು ಪೊಲೀಸರು, ಮಂಡಳಿಯ ಗುಮಾಸ್ತ, ಕೈಯಲ್ಲಿ ಹಾಳೆ ಹಿಡಿದ ದಿನಮಣಿ. ಮಾರುವವರು ಕೂಗುವುದನ್ನು ನಿಲ್ಲಿಸಿದರು. ಮಂಜುಗಡ್ಡೆಯ ನೀರು ಕಾಲಡಿ ಹರಿಯುತ್ತಿತ್ತು, ಅವನ ಬೂಟು ಅದರಲ್ಲಿ ನೆನೆಯುತ್ತಿತ್ತು. ಗುಲಾಬಿ ತನ್ನ ಬುಟ್ಟಿಯ ಹಿಂದೆ ಎದ್ದು ನಿಂತಳು. ಇನ್ನೊಬ್ಬ ಖಲಾಸಿಯ ಮನೆಯವರು ದೂರದ ಊರಿನಿಂದ ಬಂದಿದ್ದರು. ಅಪ್ಪಿಯಕ್ಕನಿಗೆ ಯಾರೋ ಒಂದು ಸ್ಟೂಲು ತಂದು ಹಾಕಿದರು. ಅವರು ಕೂರಲಿಲ್ಲ.

ಅವನು ಓದತೊಡಗಿದ. ಪೆಟ್ಟಿಗೆಯ ಸಂಖ್ಯೆ, ತಾನು ಘೋಷಿಸಿದ ತೂಕ, ಇದ್ದ ತೂಕ. ಮೊದಮೊದಲು ಬ್ಯಾಂಕಿನ ಕಾಗದ ಓದುವವನ ಹಾಗೆ ಗಡಿಬಿಡಿಯಲ್ಲಿ ಓದಿದ. ಕೇಳಿಸುತ್ತಿಲ್ಲ ಎಂದು ಹಿಂದಿನಿಂದ ಯಾರೋ ಹೇಳಿದರು. ಗುಮಾಸ್ತ ಜೋರಾಗಿ ಓದಬೇಕೆಂದು ತಿಳಿಸಿದ. ಹದಿನಾರು ಅಂದಿದ್ದೆ, ಮೂವತ್ತೊಂದು ಇತ್ತು. ಹದಿನಾಲ್ಕು ಅಂದಿದ್ದೆ, ಇಪ್ಪತ್ತೊಂಬತ್ತು ಇತ್ತು. ಒಂದೊಂದು ಪೆಟ್ಟಿಗೆ ಮುಗಿದಾಗಲೂ ಅವನ ಧ್ವನಿ ತಗ್ಗುತ್ತಿತ್ತು. ಗುಲಾಬಿ ಅಳುತ್ತಿದ್ದಳು. ನಡುವೆ ಒಮ್ಮೆ ಅವಳು ಅಪ್ಪಿಯಕ್ಕನ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದಳು. ಅಪ್ಪಿಯಕ್ಕ ಅತ್ತ ತಿರುಗಲಿಲ್ಲ. ಅವರ ಕಣ್ಣು ದಿನಮಣಿಯ ಬಾಯಿಯ ಮೇಲೇ ಇತ್ತು.

ವಾರಿಜಾ ಮಾಮಿಯ ಪಕ್ಕದಲ್ಲಿ ನಿಂತಿದ್ದಳು. ಇಷ್ಟು ವರ್ಷ ತಾನು ಬಯಸಿದ್ದು ಇದನ್ನೇ, ಇಷ್ಟನ್ನೇ ಎಂದು ಅವಳಿಗೆ ಗೊತ್ತಿತ್ತು. ಎದೆಯಲ್ಲಿ ಕರುಣೆ ಹುಟ್ಟೀತೇ ಎಂದು ತನ್ನನ್ನೇ ಗಮನಿಸಿ ನೋಡಿದಳು. ಹುಟ್ಟಲಿಲ್ಲ. ಅದಕ್ಕಾಗಿ ನಾಚಿಕೆಯೂ ಆಗಲಿಲ್ಲ.

ಹಾಳೆಯ ನಡುವಿಗೆ ಬರುವಷ್ಟರಲ್ಲಿ ದಿನಮಣಿಯ ಗಂಟಲು ಕಟ್ಟಿತು. ಹಾಳೆ ಕೆಳಗಿಳಿಸಿದ. ಇನ್ನು ಸಾಕು, ಉಳಿದದ್ದೂ ಹೀಗೇ ಇದೆ ಎಂದು ಮೆಲ್ಲಗೆ ಹೇಳಿ ಸುತ್ತಲಿನ ಮುಖಗಳನ್ನು ನೋಡಿದ. ಗುಮಾಸ್ತ ಕೂಡ ವಾರಿಜಾಳ ಕಡೆ ತಿರುಗಿದ. ಅವಳು ಏನನ್ನಾದರೂ ಹೇಳುವ ಮೊದಲೇ ಅಪ್ಪಿಯಕ್ಕ ಮಾತಾಡಿದರು. ಮಾರುಕಟ್ಟೆಯಲ್ಲಿ ಅವರ ಧ್ವನಿ ಕೇಳಿ ಎಷ್ಟೋ ವರ್ಷಗಳಾಗಿದ್ದವು.

"ನೀರು ಕೊಡಿ ಅವನಿಗೆ," ಅಂದರು. "ಕುಡಿದು ಓದಲಿ."